ಹನ್ನೆರಡನೆಯ ಅಕ್ಷರ

“ನನ್ನ ಕೊನೀ ಅಕ್ಷರ ಎಲ್ಲಿ ಹೋತು?”

ಫೇರ್‌ಲಾನ್ ಟವರ್ಸ್‌ನ ‘ಬಿ’ ಕಟ್ಟಡದ ಮುಂಬಾಗಿಲಲ್ಲಿ ನಿಂತು ರಾಮಲಿಂಗಪ್ಪನವರು ಹೀಗೆ ಕೇಳಿದಾಗ ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಒಂದು ಗಾಜಿನ ಬಾಗಿಲಿತ್ತು, ಒಂದು ರಬ್ಬರ್ ಗಿಡವಿತ್ತು, ಗೋಡೆಯಲ್ಲಿ ಹೊಸದಾಗಿ ಕೂರಿಸಿದ ಕರೆಗಂಟೆಯ ಫಲಕವಿತ್ತು. ಹೊರಗಿನಿಂದ ಬಂದವರು ಆ ಫಲಕದಲ್ಲಿ ಹೆಸರು ಹುಡುಕಿ ಒತ್ತಿದರೆ ಆ ಮನೆಯವರ ಫೋನು ಬಡಿಯುತ್ತದೆ. ಹನ್ನೆರಡು ವರ್ಷ ಬಾಡಿಗೆಗಿದ್ದಷ್ಟು ಕಾಲವೂ ರಾಮಲಿಂಗಪ್ಪನವರ ಮನೆಯ ಮುಂದೆ ಮಾಲೀಕರ ಹೆಸರೇ ಇತ್ತು. ಈಗ ಆ ಮನೆಯನ್ನೇ ಕೊಂಡು, ಅರ್ಜಿ ಕೊಟ್ಟು, ಒಂಬತ್ತು ದಿನ ಕಾದ ಮೇಲೆ ಅವರ ಹೆಸರು ಬಂದಿತ್ತು. ಆದರೆ ಫಲಕದಲ್ಲಿ ಒಂದು ಹೆಸರಿಗೆ ಇದ್ದದ್ದು ಹನ್ನೊಂದು ಇಂಗ್ಲಿಷ್ ಅಕ್ಷರಗಳ ಜಾಗ. ರಾಮಲಿಂಗಪ್ಪ ಎಂದು ಬರೆಯಲು ಬೇಕಾದದ್ದು ಹನ್ನೆರಡು. ಕೊನೆಯ ‘ಎ’ ಅಕ್ಷರಕ್ಕೆ ಕಟ್ಟಡದೊಳಗೆ ಪ್ರವೇಶ ಸಿಕ್ಕಿರಲಿಲ್ಲ.

ಹೀಗೆ ಕೊನೆ ಹಾರಿಹೋದ ಅಪ್ಪನನ್ನು ಅಮೆರಿಕದವರು ಹೇಗೆ ಓದುತ್ತಾರೆಂಬುದು ಆ ಹೊತ್ತಿನಲ್ಲಿ ಅವರಿಗೆ ಹೊಳೆಯಲಿಲ್ಲ. ಅವರು ಓದುವುದು ಹೀಗೆ: ರಾಮಲಿಂಗ್ ಆ್ಯಪ್.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಾಷಿಂಗ್ಟನ್ನಿನ ಕಚೇರಿಗಳಿಗೆ ಬಂದು ತುಂಬಿಕೊಂಡ ಗುಮಾಸ್ತರಿಗೆಂದು ಮೇರಿಲ್ಯಾಂಡಿನ ರಾಕ್‌ವಿಲ್ಲಿನ ಹೊಲಗಳ ಮೇಲೆ ಎಬ್ಬಿಸಿದ ಮೂರು ಕಟ್ಟಡಗಳು ಇವು. ಒಂದೊಂದಕ್ಕೂ ಹದಿನಾರು ಮಹಡಿ, ಒಂದೊಂದು ಮಹಡಿಗೂ ಹನ್ನೆರಡು ಮನೆ. ಬಟ್ಟೆ ಒಗೆಯುವುದು ಎಲ್ಲರಿಗೂ ನೆಲಮಾಳಿಗೆಯಲ್ಲೇ. ಇಲ್ಲಿ ವರ್ಷಕ್ಕೆ ಎರಡೇ ಋತು, ಅವೂ ಆಡಳಿತದವರ ಅಪ್ಪಣೆಯಂತೆ ಬರುತ್ತವೆ. ಮನೆಗಳನ್ನು ಬೆಚ್ಚಗಿಡಲೂ ತಂಪಾಗಿಡಲೂ ಇರುವುದು ಒಂದೇ ಜೋಡಿ ಕೊಳವೆ. ಅದರಲ್ಲಿ ಬಿಸಿನೀರು ಹರಿಯುವವರೆಗೆ ಇಡೀ ಕಟ್ಟಡಕ್ಕೆ ಚಳಿಗಾಲ, ತಣ್ಣೀರು ಬಿಟ್ಟ ದಿನದಿಂದ ಬೇಸಿಗೆ. ಹೊರಗೆ ಸೂರ್ಯ ಏನೇ ಮಾಡಿದರೂ ಅದು ಅವನ ಸ್ವಂತ ವ್ಯವಹಾರ.

ಈ ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ರಾಮಲಿಂಗಪ್ಪನವರು ಹೆಂಡತಿ ಸಿದ್ದೇಶ್ವರಿ, ಕಾಲೇಜಿಗೆ ಹೋಗುವ ಮಗಳು ನಮ್ರತಾ ಇಬ್ಬರೊಡನೆ ಇದ್ದರು. ಔಷಧ ಕಂಪನಿಯೊಂದರ ಕಾಗದಪತ್ರಗಳಲ್ಲಿ ತಪ್ಪು ಹುಡುಕುವುದು ಅವರ ಉದ್ಯೋಗ. ಕೋವಿಡ್ ಬಂದಾಗ ಆ ತಪ್ಪುಗಳು ಮನೆಗೇ ಬರತೊಡಗಿದವು, ಆಮೇಲೆ ಹಿಂದಿರುಗಿ ಹೋಗಲಿಲ್ಲ. ದಿನವಿಡೀ ಊಟದ ಮೇಜಿನ ಮುಂದೆ ಕೂತು ಪರರ ಅಕ್ಷರ ತಿದ್ದುವವರಿಗೆ ತಮ್ಮದೇ ಒಂದಕ್ಷರ ಹೀಗೆ ಕಳೆದುಹೋದದ್ದು ಸಣ್ಣ ಪೆಟ್ಟಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಗೃಹಪ್ರವೇಶದ ಮುನ್ನಾದಿನ, ಶನಿವಾರ ಬೆಳಿಗ್ಗೆ ಕಾರಿನಲ್ಲಿ ಬರುವುದಿತ್ತು. ಸಿದ್ದೇಶ್ವರಿಯ ಅಣ್ಣ ಅಣ್ಣಾಸಾಹೇಬರು ನಾಲ್ಕೈದು ಗಂಟೆ ದಾರಿಯ ಕ್ಯಾರಿ ಎಂಬ ಊರಿನಲ್ಲಿ ಹೃದಯದ ಡಾಕ್ಟರು. ನಾಲ್ಕು ಕಂಬದ ಮನೆ, ಮೂರು ಕಾರಿನ ಗ್ಯಾರೇಜು. ಇಪ್ಪತ್ತನಾಲ್ಕು ವರ್ಷಗಳಿಂದ ಅವರು ತಂಗಿಯ ಸಂಸಾರವನ್ನು, ಮನೆ ಬದಲಾದರೂ, ‘ಆ ಬಾಡಿಗೀ ಗೂಡು’ ಎಂದೇ ಕರೆಯುತ್ತಿದ್ದರು. ಮೇ ತಿಂಗಳ ಕೊನೆಯ ಭಾನುವಾರ ಗೃಹಪ್ರವೇಶ ಎಂದು ಗೊತ್ತಾದಾಗ ರಾಮಲಿಂಗಪ್ಪನವರು ಜೀವಮಾನದಲ್ಲಿ ಒಮ್ಮೆ ಜಂಬ ಮಾಡಿದ್ದರು. ಯಾರನ್ನೂ ದಾರಿ ಕೇಳಬೇಡಿ, ಬಾಗಿಲಲ್ಲಿ ನನ್ನ ಹೆಸರಿದೆ, ಪೂರ್ತಿ ಓದಿ ಒತ್ತಿರಿ ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು. ‘ಪೂರ್ತಿ’ ಎಂಬ ಮಾತನ್ನು ಎರಡು ಸಲ ಹೇಳಿದ್ದರು. ಅದು ಅವರ ಅಜ್ಜನ ಹೆಸರು. ಕೊನೆಯ ಅಪ್ಪ ಹೋದರೆ ಉಳಿಯುವ ರಾಮಲಿಂಗ, ಅಂಗಡಿಗೆ ಕಳಿಸುವ ಹುಡುಗನನ್ನು ಕೂಗುವ ಹೆಸರು.

ಆದ್ದರಿಂದ ಅವರು ನೇರ ತೆಸ್ಫಾಯೆಯ ಮೇಜಿಗೆ ಹೋದರು. ತೆಸ್ಫಾಯೆ ಇಥಿಯೋಪಿಯಾದವನು. ಹಗಲು ಹೊತ್ತು ಬಾಗಿಲ ಮೇಜಿನಲ್ಲಿ ಕೂತು ಪಾರ್ಸೆಲ್ಲು, ಕೀಲಿಕೈ, ಕೆಟ್ಟ ನಲ್ಲಿ, ಕೆಟ್ಟ ಮುಖ ಎಲ್ಲವನ್ನೂ ಸಂಭಾಳಿಸುವವನು. ಅವರ ನಾಡಿನಲ್ಲಿ ‘ಹೌದು’ ಎನ್ನುವುದಕ್ಕೆ ಬಾಯಿ ತೆರೆದು ಚಕ್ಕನೆ ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾರೆ. ಮೊದಲ ಸಲ ಅದನ್ನು ಕೇಳಿದಾಗ ರಾಮಲಿಂಗಪ್ಪನವರು ನೀರು ತರಲು ಓಡಿದ್ದರು. ಹೆಸರಿಗೆ ಹನ್ನೊಂದೇ ಅಕ್ಷರವೋ ಎಂದು ಕೇಳಿದರೆ ತೆಸ್ಫಾಯೆ ಉಸಿರೆಳೆದುಕೊಂಡ. ಹನ್ನೆರಡು ಮಾಡಲಾಗದೋ ಎಂದರೆ, ಅದು ಫಲಕದ ಕಂಪನಿಯವರ ಕೈಯಲ್ಲಿದೆ, ಪತ್ರ ಬರೆಯಿರಿ ಎಂದ. ರಾಮಲಿಂಗಪ್ಪನವರು ಬರೆದರು. ‘ನಿಮ್ಮ ಪತ್ರ ನಮಗೆ ಮುಖ್ಯ’ ಎಂದು ಉತ್ತರ ಬಂತು. ಅದರಲ್ಲಿ ಅವರನ್ನು ಮಿಸ್ಟರ್ ರಾಮಲಿಂಗಪ್ ಎಂದು ಸಂಬೋಧಿಸಲಾಗಿತ್ತು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಆ ಹಿಂದಿನ ತಿಂಗಳು ಆಡಳಿತದ ಕಂಪನಿಯವರು ಎಲ್ಲ ಮನೆಗಳ ಬಾಗಿಲಡಿ ಒಂದು ಚೀಟಿ ತೂರಿಸಿದ್ದರು. ಇನ್ನು ಮುಂದೆ ದೂರುಗಳನ್ನು ಆ್ಯಪ್ ಮೂಲಕ ಹೇಳಬೇಕು, ಆ್ಯಪಿನ ಹೆಸರು ಸದ್ಯದಲ್ಲೇ ಬಾಗಿಲ ಬಳಿ ಕಾಣಿಸಲಿದೆ ಎಂದು ಅದರಲ್ಲಿತ್ತು. ಕಂಪನಿಯ ಆ್ಯಪು ಬರಲಿಲ್ಲ, ಅದರ ಮಾತೂ ಬರಲಿಲ್ಲ. ಆದರೆ ಜನ ಬಾಗಿಲು ನೋಡುತ್ತಲೇ ಇದ್ದರು. ಹೀಗೆ ಕಾದ ಕಣ್ಣುಗಳ ಮುಂದೆ, ಗೃಹಪ್ರವೇಶಕ್ಕೆ ಇನ್ನೂ ಎರಡು ವಾರವಿರುವಾಗ, ಒಂದು ಬುಧವಾರ ರಾಮಲಿಂಗ್ ಆ್ಯಪ್ ಪ್ರತ್ಯಕ್ಷವಾಯಿತು.

ಮೊದಲು ಒತ್ತಿದವರು ಐದನೆಯ ಮಹಡಿಯ ಫೆಲ್ಡ್‌ಮನ್. ಎಂಬತ್ತನಾಲ್ಕು ವರ್ಷದ ಈ ಯಹೂದಿ ಮುದುಕರ ಬಳಿ ಹೊಸ ಬಗೆಯ ಫೋನು ಇರಲಿಲ್ಲ. ಗೋಡೆಯಲ್ಲೇ ಒತ್ತುವ ಆ್ಯಪು ಸಿಕ್ಕಿದ್ದು ಅವರಿಗೆ ಬಹಳ ಹಿಡಿಸಿತು. ಹನ್ನೊಂದನೆಯ ಮಹಡಿಯಲ್ಲಿ ಫೋನು ಬಡಿಯಿತು.

ನೀನು ರಾಮಲಿಂಗ್ ಆ್ಯಪೋ ಎಂದು ಫೆಲ್ಡ್‌ಮನ್ ಕೇಳಿದರು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ನೆರೆಯವರೊಬ್ಬರು ತಮ್ಮನ್ನು ಹೆಸರು ಹಿಡಿದು ಕರೆದದ್ದಕ್ಕೆ ರಾಮಲಿಂಗಪ್ಪನವರು ಕುರ್ಚಿಯಿಂದ ಎದ್ದು ನಿಂತರು. ಒಂದಕ್ಷರದ ಲೋಪವನ್ನು ಅವರು ಆ ನಾಲಿಗೆಗೆ ಮನ್ನಿಸಿ “ಹೂಂ” ಎಂದರು. ಮುದುಕರು ನೆಲಮಾಳಿಗೆಯ ನಾಲ್ಕನೆಯ ಡ್ರೈಯರ್ ಬಟ್ಟೆ ಒಣಗಿಸುವುದಿಲ್ಲ, ಬರೀ ಬೆಚ್ಚಗೆ ಮಾಡುತ್ತದೆ ಎಂದರು. “ಹೂಂ.” ಹೋದ ವಾರ ತಮ್ಮ ಒಳ್ಳೆಯ ಕಾಲುಚೀಲ ಒಂದನ್ನು ಅದು ನುಂಗಿತು ಎಂದರು. “ಹೂಂ.” ಅದು ತೀರಿಕೊಂಡ ಹೆಂಡತಿ ಹೆಣೆದದ್ದು ಎಂದರು. “ಶಿವಾ,” ಎಂದರು ರಾಮಲಿಂಗಪ್ಪ.

ಫೆಲ್ಡ್‌ಮನ್ನರ ಸಂಪ್ರದಾಯದಲ್ಲಿ ಶಿವಾ ಎಂದರೆ ಸತ್ತವರಿಗಾಗಿ ಮನೆಯವರು ಏಳು ದಿನ ಕೂರುವ ಸೂತಕ. ಇಷ್ಟು ಸಂಸ್ಕಾರವಿರುವ ಯಂತ್ರವನ್ನು ತಾನು ಈ ವಯಸ್ಸಿನವರೆಗೆ ಕಂಡಿಲ್ಲ ಎಂದು ಅವರು ಆ ಸಂಜೆಯೇ ಐದನೆಯ ಮಹಡಿಗೆಲ್ಲ ಸಾರಿದರು.

ಈ ಹೂಂಕಾರ ರಾಮಲಿಂಗಪ್ಪನವರಿಗೆ ಬಂದದ್ದು ಪರಂಪರೆಯಿಂದ. ರಾಣೆಬೆನ್ನೂರಿನ ಕಡೆಯ ಅವರ ಊರಿನ ಮಠದಲ್ಲಿ ಶ್ರಾವಣವಿಡೀ ಪುರಾಣ ಓದಿಸುತ್ತಿದ್ದರು. ಓದುವವರು ಅವರ ಅಜ್ಜ. ಪದ್ಯದ ಒಂದೊಂದು ಸಾಲಿಗೂ ಎದುರಿಗೆ ಕೂತು ಹೂಂಗುಟ್ಟಲು ಒಬ್ಬ ಬೇಕು. ಹೂಂ ಇಲ್ಲದಿದ್ದರೆ ಓದುವವನ ಸ್ವರ ಬಿದ್ದುಹೋಗುತ್ತದೆ, ಕಥೆಯಲ್ಲಿ ಎದ್ದ ರಾಕ್ಷಸ ಎದ್ದಲ್ಲೇ ನಿಲ್ಲುತ್ತಾನೆ. ಏಳನೆಯ ವಯಸ್ಸಿನಲ್ಲೇ ಆ ಹುದ್ದೆಗೆ ನೇಮಕಗೊಂಡ ರಾಮಲಿಂಗಪ್ಪ ಎಷ್ಟು ಹೊತ್ತಿಗೆ ಹೂಂ, ಎಷ್ಟು ಇಳಿಸಿ ಹೂಂ, ಎಲ್ಲಿ ಶಿವಾ ಎಂಬುದನ್ನೆಲ್ಲ ಕರಗತ ಮಾಡಿಕೊಂಡಿದ್ದರು. ಮೇರಿಲ್ಯಾಂಡಿನಲ್ಲಿ ಈ ವಿದ್ಯೆಗೆ ಇದುವರೆಗೆ ಗಿರಾಕಿ ಇರಲಿಲ್ಲ.

ಈಗ ಗಿರಾಕಿಗಳಿಗೆ ಬರವಿಲ್ಲದಾಯಿತು. ಮರುದಿನ ನಾಲ್ಕು ಕರೆ, ಅದರ ಮರುದಿನ ಹನ್ನೊಂದು. ಎರಡನೆಯ ಲಿಫ್ಟು ಒಂಬತ್ತನೆಯ ಮಹಡಿಯಲ್ಲಿ ನಿಂತು ಯೋಚನೆ ಮಾಡುತ್ತದೆ ಎಂದು ಒಬ್ಬರು. ಹೊರಗೆ ಮೂವತ್ತು ಡಿಗ್ರಿ ಬಿಸಿಲಿದ್ದರೂ ಕೊಳವೆಯಲ್ಲಿ ಇನ್ನೂ ಬಿಸಿನೀರೇ ಬರುತ್ತಿದೆ, ತಾನು ಬೆಂದ ಬಟಾಟೆಯಾಗಿದ್ದೇನೆ ಎಂದು ಇನ್ನೊಬ್ಬರು. ಆರನೆಯ ಮಹಡಿಯ ಹೆಂಗಸೊಬ್ಬರು ಮೇಲಿನಿಂದ ಕಸ ಕೆಳಗೆ ಬಿಡುವ ಕೊಳವೆಯ ವಿಷಯದಿಂದ ಶುರುಮಾಡಿ ತಮ್ಮ ತಂಗಿಯ ಎರಡನೆಯ ಗಂಡನವರೆಗೆ ನಲವತ್ತು ನಿಮಿಷ ಹೇಳಿದರು. ಎಲ್ಲದಕ್ಕೂ ತಕ್ಕ ಜಾಗದಲ್ಲಿ ಹೂಂ ಬಿತ್ತು. ನೆರೆಹೊರೆಯವರು ಕಷ್ಟಸುಖ ಹಂಚಿಕೊಳ್ಳುತ್ತಿದ್ದಾರೆ, ಮನೆ ಕೊಂಡವನಿಗೆ ಸಿಗುವ ಮರ್ಯಾದೆಯೇ ಬೇರೆ ಎಂದು ರಾಮಲಿಂಗಪ್ಪನವರು ಹೆಂಡತಿಗೆ ಹೇಳಿದರು. ಇದೇ ಮರ್ಯಾದೆ ಇನ್ನೂ ನಾಲ್ಕು ದಿನ ಸಿಕ್ಕರೆ ತಾನು ಹೋಳಿಗೆಯ ಕಣಕವನ್ನು ಯಾವಾಗ ನಾದಲಿ ಎಂದು ಸಿದ್ದೇಶ್ವರಿ ಕೇಳಿದರು.

ಉದ್ಯೋಗದ ಅಭ್ಯಾಸ. ಕೇಳಿದ್ದನ್ನೆಲ್ಲ ಅವರು ದುಂಡಗಿನ ಅಕ್ಷರದಲ್ಲಿ, ಮನೆ ನಂಬರು ಸಹಿತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ಐದಕ್ಕೆ ತೆಸ್ಫಾಯೆಯ ಮೇಜಿಗೆ ಚಹಾ ಒಯ್ದಾಗ ಹಾಳೆಯನ್ನೂ ಕೊಡುತ್ತಿದ್ದರು. ತೆಸ್ಫಾಯೆ ಪ್ರತಿ ಸಾಲಿಗೂ ಉಸಿರೆಳೆದುಕೊಳ್ಳುತ್ತಿದ್ದ, ಮರುದಿನ ಒಂದೊಂದಾಗಿ ಸರಿಪಡಿಸುತ್ತಿದ್ದ. ಡ್ರೈಯರ್ ಒಣಗಿಸತೊಡಗಿತು. ಲಿಫ್ಟು ಯೋಚನೆ ಬಿಟ್ಟಿತು. ಮರುವಾರ ಶುಕ್ರವಾರ ಬೆಳಿಗ್ಗೆ ಕೊಳವೆಗಳಲ್ಲಿ ತಣ್ಣೀರು ಹರಿದು ‘ಬಿ’ ಕಟ್ಟಡಕ್ಕೆ ಅಧಿಕೃತವಾಗಿ ಬೇಸಿಗೆ ಬಂತು. ಕೀರ್ತಿಯೆಲ್ಲ ಹೋದದ್ದು ಆ್ಯಪಿಗೆ.

ಗುಟ್ಟು ಒಡೆದವಳು ನಮ್ರತಾ. ಕಟ್ಟಡದವರ ವಾಟ್ಸ್‌ಆ್ಯಪ್ ಗುಂಪನ್ನು ಓದುತ್ತಿದ್ದವಳು ಕೋಣೆಯಿಂದ ಹೊರಗೆ ಬಂದು ತಂದೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಅಪ್ಪಾ, ಯು ಆರ್ ಆ್ಯನ್ ಆ್ಯಪ್.”

“ಅಪ್ಪಾನ ಖರೇ. ಮತ್ತೇನು?”

“ನೋ, ನೋ. ಆ್ಯಪ್. ಎಲ್ಲಾರೂ ನಿಮಗ ಸ್ಟಾರ್ ಕೊಟ್ಟಾರ. ಫೋರ್ ಪಾಯಿಂಟ್ ಏಟ್.”

ಐದಕ್ಕೆ ಎರಡು ದಶಾಂಶ ಏಕೆ ಕಡಿಮೆಯಾಯಿತೆಂದು ರಾಮಲಿಂಗಪ್ಪನವರು ಮೊದಲು ಕೇಳಿದರು. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ ಕೇಳುತ್ತದೆ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬೇಕು ಎಂದು ಯಾರೋ ಬರೆದಿದ್ದರು. ಆಮೇಲೆ ಅರ್ಥವಾಯಿತು. ಅವರು ಲುಂಗಿ ಬದಲಿಸಿ ಪ್ಯಾಂಟು ಹಾಕಿಕೊಂಡು ನಿಜ ತಿಳಿಸಲು ಹೊರಟರು.

ಕಟ್ಟಡದ ಮನೆಯವರ ಸಂಘದ ಅಧ್ಯಕ್ಷೆ ಮಿಸ್ ಪೆಟಿಫರ್ಡ್ ಲಿಫ್ಟಿನಲ್ಲೇ ಸಿಕ್ಕರು. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಐವತ್ತು ವರ್ಷದಿಂದ ಮೂರನೆಯ ಮಹಡಿಯಲ್ಲಿದ್ದು, ಕಟ್ಟಡವನ್ನು ಈಗಲೂ ಒಂದು ತರಗತಿಯಂತೆ ನೋಡುತ್ತಿದ್ದರು. ರಾಮಲಿಂಗಪ್ಪನವರು ಧೈರ್ಯ ಮಾಡಿ ಆ ರಾಮಲಿಂಗಪ್ಪ ನಾನೇ ಎಂದರು. ಅಧ್ಯಕ್ಷೆ ಅವರ ಮೈಬಣ್ಣ ನೋಡಿದರು, ಕನ್ನಡಕ ನೋಡಿದರು, ಜೇಬಿನ ಎರಡು ಪೆನ್ನು ನೋಡಿದರು. ಭಾರತೀಯ, ಮನೆಯಿಂದಲೇ ಕೆಲಸ, ಕಂಪ್ಯೂಟರು. ಅವರಿಗೆ ಎಲ್ಲ ಅರ್ಥವಾಗಿಹೋಯಿತು.

ಅಂದರೆ ಅದನ್ನು ತಯಾರಿಸಿದವರು ನೀವೇ ಎಂದು ಅವರ ಕೈ ಹಿಡಿದು ಕುಲುಕಿದರು. ಇಷ್ಟು ತಾಳ್ಮೆಯ ಯಂತ್ರ, ಅದೂ ಹೆಂಗಸರ ಮಾತಿಗೆ ನಡುವೆ ಬಾಯಿ ಹಾಕದಂಥದ್ದು, ಹೇಗೆ ಮಾಡಿದಿರಿ ಎಂದರು. ಅದಕ್ಕೆ ನಿಮ್ಮ ಹೆಸರನ್ನೇ ಇಟ್ಟಿರಲ್ಲ, ಅದು ನ್ಯಾಯವೇ ಎಂದರು. ಎಂಟನೆಯ ಮಹಡಿಯಿಂದ ಮೂರನೆಯದರವರೆಗೆ ಅವರು ಮಾತು ನಿಲ್ಲಿಸಲಿಲ್ಲ. ರಾಮಲಿಂಗಪ್ಪನವರಿಗೆ ನಡುವೆ ಸಿಕ್ಕಿದ ಜಾಗದಲ್ಲಿ ಹೇಳಲು ಬಂದದ್ದು ಒಂದೇ ಮಾತು, ಅದು “ಹೂಂ.”

ಶನಿವಾರ ಬೆಳಿಗ್ಗೆ ಅಣ್ಣಾಸಾಹೇಬರು ಬಂದರು. ಅವರು ಫಲಕದ ಮುಂದೆ ನಿಂತು ಹೆಸರು ಓದಿ, ನಗಲೆಂದು ಬಾಯಿ ತೆರೆಯುವಷ್ಟರಲ್ಲಿ ಫೆಲ್ಡ್‌ಮನ್ ಪಕ್ಕಕ್ಕೆ ಬಂದು, ಅದು ನಮ್ಮ ಆ್ಯಪು, ಅದನ್ನು ಕಂಡುಹಿಡಿದ ಮಹಾಶಯರು ಹನ್ನೊಂದನೆಯ ಮಹಡಿಯಲ್ಲಿದ್ದಾರೆ ಎಂದು ವಿವರಿಸಿದರು. ತೆರೆದ ಬಾಯಿ ತೆರೆದೇ ಉಳಿಯಿತು. ಅತಿಥಿಗಳು ರಾಮಲಿಂಗಪ್ಪನವರ ಮನೆಗೋ ಎಂದು ಆಗಲೇ ಕೇಳಿದ ತೆಸ್ಫಾಯೆ, ಹೌದೆಂದು ತಾನೇ ಚಕ್ಕನೆ ಉಸಿರೆಳೆದುಕೊಂಡ. ಡಾಕ್ಟರು ಒಡನೆ ಅವನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಎಷ್ಟು ದಿನದಿಂದ ಹೀಗಾಗುತ್ತಿದೆ ಎಂದು ಕೇಳಿದರು. ಹುಟ್ಟಿದಾಗಿನಿಂದ ಎಂದ ತೆಸ್ಫಾಯೆ.

ಮನೆಯೊಳಗೆ ಬಂದ ಅಣ್ಣಾಸಾಹೇಬರು ಬೇರೆಯೇ ಮನುಷ್ಯ. ಇಪ್ಪತ್ತನಾಲ್ಕು ವರ್ಷ ‘ಏನಪಾ’ ಎಂದವರು ಈಗ “ಭಾವನವರ” ಎಂದರು. ಬೂಟನ್ನು ಬಾಗಿಲಲ್ಲೇ ಬಿಟ್ಟರು. ಗೂಡು ಎನ್ನುವ ಬದಲು ವ್ಯೂ ಚಲೋ ಐತಿ ಎಂದರು. ಆಮೇಲೆ ಬಾಲ್ಕನಿಗೆ ಹೋಗಿ ಕ್ಯಾರಿಯ ಗೆಳೆಯರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡಿದರು. ನಿಜ ಹೇಳಿಬಿಡುತ್ತೇನೆಂದು ರಾಮಲಿಂಗಪ್ಪನವರು ಅಡಿಗೆಮನೆಯಲ್ಲಿ ಪಿಸುಗುಟ್ಟಿದರು. ಸಿದ್ದೇಶ್ವರಿ ಹೂರಣ ರುಬ್ಬುವುದನ್ನು ನಿಲ್ಲಿಸಿದರು.

“ರೀ, ನಾಳಿ ಪೂಜಿ ಮುಗಿಯೂತನಕ ಸುಮ್ನಿರ್ರಿ. ಅಂವ ನಿಮಗ ಬಹುವಚನ ಹಚ್ಚಿದ್ದು ಇದ ಮೊದಲ.”

ಅವರು ಸುಮ್ಮನಿರುತ್ತಿದ್ದರು. ಆದರೆ ಅದೇ ದಿನ ಮಧ್ಯಾಹ್ನ ಎರಡಕ್ಕೆ ನೆಲಮಾಳಿಗೆಯಲ್ಲಿ ಸಂಘದ ಸಭೆಯಿತ್ತು. ಭಾವನವರ ಸನ್ಮಾನ ನೋಡಬೇಕೆಂದು ಅಣ್ಣಾಸಾಹೇಬರು ಹಟ ಹಿಡಿದು ಜೊತೆಗೆ ಬಂದರು. ನಮ್ರತಾ ವಿಡಿಯೊ ಮಾಡಲು ಬಂದಳು. ಮಡಿಚುವ ಕುರ್ಚಿಗಳು ತುಂಬಿದ್ದವು. ತೆಸ್ಫಾಯೆ ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದ.

ಮಿಸ್ ಪೆಟಿಫರ್ಡ್ ಆ್ಯಪಿನ ಗುಣಗಾನ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಅಣ್ಣಾಸಾಹೇಬರು ಎದ್ದು ನಿಂತು ತಟ್ಟಿದರು. ಅನಂತರ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಮುಂದಿನ ವಿಷಯ ಓದಿದರು. ಎಲ್ಲ ದೂರುಗಳನ್ನೂ ಆ್ಯಪೇ ಕೇಳಿಸಿಕೊಂಡು ಪರಿಹರಿಸುತ್ತಿರುವುದರಿಂದ ಬಾಗಿಲ ಬಳಿಯ ಮೇಜನ್ನು ಮುಂದಿನ ತಿಂಗಳಿನಿಂದ ತೆಗೆದುಬಿಡಬಹುದೆಂದು ಆಡಳಿತದ ಕಂಪನಿಯವರು ಸೂಚಿಸಿದ್ದಾರೆ. ಮಿಸ್ಟರ್ ತೆಸ್ಫಾಯೆಯವರ ಸೇವೆಗೆ ನಮ್ಮ ಕೃತಜ್ಞತೆ. ಒಪ್ಪುವವರು ಕೈ ಎತ್ತಬೇಕು.

ಕೋಣೆಯಲ್ಲಿ ಒಂದು ಉಸಿರು ಕೇಳಿತು. ಈ ಬಾರಿ ಅದು ಹೊರಗೆ ಬಿಟ್ಟ ಉಸಿರು.

ರಾಮಲಿಂಗಪ್ಪನವರ ಕೈ ಮೇಲೆದ್ದಿತು. ಅದರ ಹಿಂದೆಯೇ ಅವರೂ ಎದ್ದರು. ಆ್ಯಪು ಇಲ್ಲ, ನಾನಿದ್ದೇನೆ, ಕೇಳುವುದಷ್ಟೇ ನನ್ನ ಕೆಲಸ, ಡ್ರೈಯರಿನ ಒಳಗೆ ಕೈ ಹಾಕಿ ಕಾಲುಚೀಲ ತೆಗೆದವನು ಅಲ್ಲಿ ನಿಂತಿದ್ದಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಯಾರೂ ನಂಬಲಿಲ್ಲ. ದೊಡ್ಡವರು ಹೀಗೆಯೇ, ಎಂಥ ವಿನಯ ಎಂದರು ಅಧ್ಯಕ್ಷೆ. ಮತ್ತೆ ಚಪ್ಪಾಳೆ ಬಿತ್ತು.

ಫೆಲ್ಡ್‌ಮನ್ ಕೋಲೂರಿ ಎದ್ದು, ಪರೀಕ್ಷೆಗೆ ಒಂದೇ ದಾರಿ ಎಂದರು. ಅವರು ಗೋಡೆಯ ಕಡೆಗೆ ತಿರುಗಿ ನಿಂತು ಕಣ್ಣು ಮುಚ್ಚಿ ಹೇಳತೊಡಗಿದರು. ನಾಲ್ಕನೆಯ ಡ್ರೈಯರ್ ಕೆಟ್ಟಿತ್ತು.

“ಹೂಂ.”

ಅದು ನನ್ನ ಕಾಲುಚೀಲ ನುಂಗಿತ್ತು.

“ಹೂಂ.”

ಅದನ್ನು ನನ್ನ ಹೆಂಡತಿ ಹೆಣೆದಿದ್ದಳು.

“ಶಿವಾ.”

ಫೆಲ್ಡ್‌ಮನ್ ತಿರುಗಿ ನೋಡಿ, “ಇದೇ. ಇದೇ ಆ್ಯಪ್,” ಎಂದರು. ಆರನೆಯ ಮಹಡಿಯ ಹೆಂಗಸು ತಂಗಿಯ ಎರಡನೆಯ ಗಂಡನನ್ನು ನೆನೆದು ಮುಖ ಮುಚ್ಚಿಕೊಂಡರು. ಲಿಫ್ಟಿನ ನೆಪದಲ್ಲಿ ಅಧ್ಯಕ್ಷೆಯನ್ನೇ ಬೈದಿದ್ದ ಇಬ್ಬರು ಮೆಲ್ಲನೆ ಹಿಂದಿನ ಸಾಲಿಗೆ ಹೋದರು. ಮಿಸ್ ಪೆಟಿಫರ್ಡ್ ತಾವು ಓದಿದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದೊಳಗೆ ಹಾಕಿದರು. ಇಂಥ ವಿಷಯ ಬಂದೇ ಇಲ್ಲ, ಮೇಜು ಇದ್ದಲ್ಲೇ ಇರುತ್ತದೆ, ಎಲ್ಲರೂ ಮಿಸ್ಟರ್ ತೆಸ್ಫಾಯೆಗೆ ಚಪ್ಪಾಳೆ ತಟ್ಟಿರಿ ಎಂದು ಮಕ್ಕಳಿಗೆ ಹೇಳುವಂತೆ ಹೇಳಿದರು. ಎಲ್ಲರೂ ತಟ್ಟಿದರು.

ಲಿಫ್ಟು ಏಳನೆಯ ಮಹಡಿ ದಾಟುವಾಗ ಅಣ್ಣಾಸಾಹೇಬರು ಕೇಳಿದರು.

“ಹಂಗಾರ ಆ್ಯಪ್ ಇಲ್ಲ?”

“ಇಲ್ರಿ.”

“ಬರೇ ನೀವ?”

“ಬರೇ ನಾನ.”

“ಕ್ಯಾರಿದಾಗ ಹದಿನೆಂಟು ಮಂದಿಗೆ ಹೇಳೇನ್ರಿ ನಾ. ಮೂರು ಮಂದಿ ಡೌನ್‌ಲೋಡ್ ಮಾಡಾಕ ಕುಂತಾರ.”

ಆ ಹೊತ್ತಿಗೆ ರಾಮಲಿಂಗಪ್ಪನವರ ಜೇಬಿನಲ್ಲಿ ಫೋನು ಬಡಿಯಿತು. ಫಲಕದ ಮುಂದೆ ಆಗಲೇ ಸಾಲು ನಿಂತಿತ್ತು. ತಮ್ಮನ್ನು ಯಂತ್ರವೆಂದು ತಿಳಿದದ್ದಕ್ಕೆ ಕ್ಷಮಿಸಬೇಕೆಂದು ಒಬ್ಬರು ಕೇಳಿಕೊಂಡರು, ಹಾಗೆಯೇ ಸ್ನಾನದ ಮನೆಯ ನಲ್ಲಿ ಸೋರುತ್ತದೆ ಎಂದರು. ಅವರ ಹಿಂದೆ ಇನ್ನೊಬ್ಬರ ಕ್ಷಮೆ, ಮತ್ತು ಕಿಟಕಿ. ಹನ್ನೊಂದನೆಯ ಮಹಡಿ ಬರುವುದರೊಳಗೆ ನಾಲ್ಕು ಕ್ಷಮೆ, ಆರು ದೂರು. ಅಣ್ಣಾಸಾಹೇಬರು ಇದನ್ನೆಲ್ಲ ಕೇಳಿಸಿಕೊಂಡು, ನಾಳೆ ಪೂಜೆಗೆ ತಾವು ಕರೆದಿರುವ ಮಂದಿ ಬಾಗಿಲಲ್ಲಿ ಆ ಹೆಸರು ಓದಿ ಆ್ಯಪು ಎಲ್ಲಿ ಎಂದು ಕೇಳಿದರೆ ತಮ್ಮ ಮುಖ ಎಲ್ಲಿಡಬೇಕೆಂದರು. ಇಂದೇ ಅದು ಅಪ್ಪ ಆಗಬೇಕು. ಹೇಗಾದರೂ ಆಗಬೇಕು.

ದಾರಿ ತೋರಿಸಿದವಳು ನಮ್ರತಾ. ಅವಳು ಬೆರಳು ಮಡಿಚಿ ಎಣಿಸಿದಳು. ರಾಮದಲ್ಲಿರುವ ಎರಡು ‘ಎ’ಗಳಲ್ಲಿ ಒಂದನ್ನು ತೆಗೆದರೆ ಉಳಿಯುವುದು ಸರಿಯಾಗಿ ಹನ್ನೊಂದು. ಕೊನೆಯ ‘ಎ’ಗೆ ಜಾಗ ಸಿಗುತ್ತದೆ. ರಾಮ ಹೋಗಿ ರಾಮ್ ಆಗುತ್ತಾನೆ, ಆದರೆ ಅಪ್ಪ ಉಳಿಯುತ್ತಾನೆ. ಇದಕ್ಕೆ ಕಂಪನಿಯ ಅಪ್ಪಣೆಯೂ ಬೇಡ, ತೆಸ್ಫಾಯೆಯ ಮೇಜಿನ ಕಂಪ್ಯೂಟರಿನಲ್ಲೇ ಒಂದು ನಿಮಿಷದ ಕೆಲಸ. ರಾಮಲಿಂಗಪ್ಪನವರು ಅಜ್ಜನ ಕ್ಷಮೆ ಕೇಳಿ, ಚಹಾದ ಥರ್ಮಾಸು ಹಿಡಿದು ಕೆಳಗಿಳಿದರು. ಬೆನ್ನಿಗೆ ಭಾವಮೈದುನ, ಮಗಳು, ಕೈಯಲ್ಲಿ ಹೂರಣ ಮೆತ್ತಿಕೊಂಡಿದ್ದ ಸಿದ್ದೇಶ್ವರಿ.

ತೆಸ್ಫಾಯೆ ಎದ್ದು ನಿಂತು ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡ. ಫೋನು ಮಾಡಿ ಹೆಂಡತಿಗೆ ಹೇಳಿದೆ, ಅವಳು ಅತ್ತಳು ಎಂದ. ಚಹಾ ಸುರಿದುಕೊಂಡು ಕುಳಿತ. ರಾಮಲಿಂಗಪ್ಪನವರು ಮೊದಲಿನಿಂದ ಹೇಳಿದರು. ಅಜ್ಜನ ಹೆಸರೆಂದರು. ತೆಸ್ಫಾಯೆ ಉಸಿರೆಳೆದುಕೊಂಡ. ನಾಳೆ ಗೃಹಪ್ರವೇಶ ಎಂದರು. ಉಸಿರೆಳೆದುಕೊಂಡ. ಒಂದು ‘ಎ’ ತೆಗೆದು ಕೊನೆಗೆ ಹಾಕಿದರೆ ಆಯಿತು, ನಿನ್ನ ಕೈಯಲ್ಲೇ ಇದೆಯಲ್ಲವೇ ಎಂದರು. ದೀರ್ಘವಾಗಿ ಉಸಿರೆಳೆದುಕೊಂಡ. ಅಣ್ಣಾಸಾಹೇಬರ ಬೆರಳು ತಾನಾಗಿಯೇ ಅವನ ಮಣಿಕಟ್ಟಿನ ಕಡೆಗೆ ಹೋಯಿತು.

ತೆಸ್ಫಾಯೆ ಲೋಟವನ್ನು ಕೆಳಗಿಟ್ಟ. ಇಪ್ಪತ್ತು ದಿನದ ಹಿಂದೆ ಈ ಮೇಜಿನ ಮುಂದೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಗಿರುತ್ತಿತ್ತು ಎಂದು ನಿಧಾನವಾಗಿ ವಿವರಿಸಿದ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಮೇಜು ಬಡಿಯುತ್ತಿದ್ದರು, ಆರನೆಯ ಮಹಡಿಯವರು ತಂಗಿಯ ಕಥೆಯನ್ನು ತನಗೇ ಹೇಳುತ್ತಿದ್ದರು. ಈಗ ಸಂಜೆ ಐದಕ್ಕೆ ಒಂದು ಹಾಳೆ ಬರುತ್ತದೆ. ಅಕ್ಷರ ದುಂಡಗಿರುತ್ತದೆ. ಯಾರೂ ಬೈಯುವುದಿಲ್ಲ. ಜೊತೆಗೆ ಚಹಾ.

“ಆ ಅಕ್ಷರ ಬಂದ ದಿನ ನೀವು ಬರೀ ಒಬ್ಬ ಮನೆಯವರಾಗ್ತೀರಿ, ಸರ್. ಅವರೆಲ್ಲ ಮತ್ತೆ ಇಲ್ಲಿಗೇ ಬರ್ತಾರೆ.”

“ನಿನ್ನ ಕೆಲಸಾ ಉಳಿಸಿದೆನಲ್ಲಪಾ.”

“ಉಳಿಸಿದ್ರಿ. ಸಾಯೋವರೆಗೂ ಮರೆಯಲ್ಲ. ನಾಳೆ ಪೂಜೆಗೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಬರ್ತೀನಿ. ಕುರ್ಚಿ ನಾನೇ ಹೊತ್ತು ತರ್ತೀನಿ. ಲಿಫ್ಟ್ ಒಂದನ್ನ ನಿಮ್ಮವರಿಗೇ ಬಿಟ್ಟುಕೊಡ್ತೀನಿ.”

“ಮತ್ತ, ಆ ಅಕ್ಷರ?”

ತೆಸ್ಫಾಯೆ ಕಂಪ್ಯೂಟರಿನ ಕೀಲಿಮಣೆಯನ್ನು ಮೇಜಿನ ಖಾನೆಯೊಳಗೆ ತಳ್ಳಿ, ಬೀಗ ಹಾಕಿ, ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

“ಊಹೂಂ,” ಎಂದ.